ಏಳು ಜನರ ಮನೆ

ಪಾಳು ಬೀಳುತ್ತಿದ್ದ ಆ ಹಳೇ ಜಪಾನೀ ಪಟ್ಟಣಕ್ಕೆ ಜೀವ ತುಂಬುತ್ತೇವೆಂದು ಬಂದ ಏಳು ಮಂದಿ ಯುವ ಕಲಾವಿದರು, ಹಿಂದೆ ಅಕ್ಕಿಮದ್ಯ ಮಾಡುತ್ತಿದ್ದ ದೊಡ್ಡ ಮನೆಯೊಂದರಲ್ಲಿ ಒಟ್ಟಿಗೆ ಸಂಸಾರ ಹೂಡಿ ಎರಡು ವರ್ಷವಾಗಿತ್ತು. ಅಡುಗೆ ಒಟ್ಟಿಗೆ, ಊಟ ಒಟ್ಟಿಗೆ, ಯಾರಾದರೂ ಮುಖ ಊದಿಸಿಕೊಂಡರೆ ಅದಕ್ಕೂ ಒಂದು ಸಭೆ. ಊರಿಗೇನೋ ಜೀವ ಬಂತು. ಅವರಲ್ಲೊಬ್ಬನಾದ, ಮಡಕೆ ಮಾಡುವ ಸೊಸುಕೆಯ ಜೀವ ಮಾತ್ರ ಹೈರಾಣಾಗಿತ್ತು.

ಒಂದು ಮಧ್ಯಾಹ್ನ ಅವನು ಉಪ್ಪು ತರುವ ನೆವ ಹೇಳಿ, ಪಕ್ಕದ ಬೀದಿಯಲ್ಲಿ ತೋಫು ಮಾರುವ ಅಜ್ಜಿಯ ಅಂಗಡಿಗೆ ಹೋದ.

“ಅಜ್ಜಿ, ನಿಮ್ಮ ಹಿತ್ತಲಿನ ಉಗ್ರಾಣ ಖಾಲಿ ಇದೆಯಲ್ಲ, ವಾರಕ್ಕೊಂದು ದಿನ ನನಗೆ ಬಿಟ್ಟುಕೊಡ್ತೀರಾ?”

“ಯಾಕೆ, ಮಡಕೆ ಮಾಡೋಕಾ?”

“ಏನೂ ಮಾಡೋಕಲ್ಲ. ಬಾಗಿಲು ಹಾಕ್ಕೊಂಡು ಒಬ್ಬನೇ ಸುಮ್ಮನೆ ಕೂತ್ಕೊಳ್ಳೋಕೆ.” ಅವನು ದನಿ ತಗ್ಗಿಸಿದ. “ನಮ್ಮ ಮನೆಯವರಿಗೆ ಮಾತ್ರ ಗೊತ್ತಾಗಬಾರದು. ನೊಂದ್ಕೋತಾರೆ, ಪಾಪ. ಅವರಿಗೆ ಒಟ್ಟಿಗಿರೋದು ಅಂದ್ರೆ ಪ್ರಾಣ.”

ಅಜ್ಜಿ ಒದ್ದೆ ಕೈ ಒರೆಸಿಕೊಂಡು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದಳು.

“ಬುಧವಾರ ಒಂದೇ ಉಳಿದಿರೋದು, ಬಾರಪ್ಪ. ಮಿಕ್ಕ ಆರು ದಿನಾನೂ ನಿಮ್ಮ ಮನೆಯವರೇ ಒಬ್ಬೊಬ್ಬರಾಗಿ ಬಂದು ಹಿಡಿದುಬಿಟ್ಟಿದ್ದಾರೆ.”