ಆಮೆಮರಿಯ ಪಾಲು

ಅಕ್ಕ ಎರಡು ಚಮಚ ಗಂಜಿಯನ್ನು ಆಮೆಮರಿಯ ತಟ್ಟೆಗೆ ಸುರಿದಳು. ಬಾಗಿಲ ಕಡೆ ಒಂದು ಕಣ್ಣಿಟ್ಟುಕೊಂಡೇ ತಟ್ಟೆಯನ್ನು ಪೆಟ್ಟಿಗೆಯ ಮೂಲೆಗೆ ತಳ್ಳಿದಳು. ಉಳಿದದ್ದನ್ನು ಬಚ್ಚಲಿಗೆ ಸುರಿದು ನೀರು ಬಿಟ್ಟಳು.

ಹಿಂದೆಯೇ ತಂಗಿ ಬಂದಳು. ಬರಿದಾದ ಬಟ್ಟಲನ್ನು ಬಗ್ಗಿ ನೋಡಿದಳು.

“ಪೂರ್ತಿ ಕುಡಿದ್ಯಾ ಅಕ್ಕ? ಹೀಗೇ ಕುಡೀತಾ ಇರು. ಇನ್ನು ಸ್ವಲ್ಪ ದಿನ ಅಷ್ಟೇ, ಎಲ್ಲಾ ಸರಿಹೋಗುತ್ತೆ.”

ಆ ಮಾತಿಗೇ ಅಕ್ಕ ಹೆದರುತ್ತಿದ್ದಳು. ತಂಗಿ ಬಂದು ಅಡುಗೆಮನೆ ಹಿಡಿದ ಮೇಲೆಯೇ ಅವಳಿಗೆ ವಾಂತಿ ಶುರುವಾಗಿತ್ತು, ಕೂದಲು ಹಿಡಿಹಿಡಿಯಾಗಿ ಉದುರಿತ್ತು. ಅಕ್ಕನಿಗೆ ಮಕ್ಕಳಿಲ್ಲ, ಅವಳು ಕಣ್ಣು ಮುಚ್ಚಿದರೆ ಮನೆ ತಂಗಿಯದು. ತಾನೇ ಎತ್ತಿ ಆಡಿಸಿದ ಕೂಸಿನ ಮೇಲೆ ಇಂಥ ಅನುಮಾನ! ಯಾರ ಹತ್ತಿರ ಬಾಯಿಬಿಡುವುದು? ಅದಕ್ಕೇ ಆಮೆಮರಿಯನ್ನು ಸಾಕ್ಷಿಗೆ ಹಿಡಿದಳು. ಪಕ್ಕದ ಮನೆಯವರು ಮನೆ ಬದಲಿಸುವಾಗ ಕೊಟ್ಟುಹೋದ, ಅಂಗೈ ತುಂಬದ ಮರಿ ಅದು. ಗಂಜಿಯಲ್ಲಿ ಏನಾದರೂ ಇದ್ದರೆ ಮೊದಲು ಅದಕ್ಕೆ ಗೊತ್ತಾಗಬೇಕು.

ಮಂಚದ ಕೆಳಗಿನ ಶೂ ಪೆಟ್ಟಿಗೆಯೇ ಮರಿಯ ಅರಮನೆ. ಹಾಸಲು ಕಾಗದದ ಚೂರು, ಮಲಗಲು ಮೂಲೆಯಲ್ಲೊಂದು ರಟ್ಟಿನ ಗೂಡು. ಬೆಳಿಗ್ಗೆ ನೋಡಿದರೆ ತಟ್ಟೆ ಗೂಡಿನ ಬಾಯಲ್ಲೇ ಬೋರಲಾಗಿ, ಖಾಲಿಯಾಗಿ ಬಿದ್ದಿರುತ್ತಿತ್ತು. ಗಂಜಿಯ ವಾಸನೆಗೆ ಇರುವೆಗಳು ಗೂಡಿನೊಳಕ್ಕೆ ಸಾಲು ಹಿಡಿಯುತ್ತಿದ್ದವು.

ಅಕ್ಕ ಬಚ್ಚಿಟ್ಟ ಬಿಸ್ಕತ್ತಿನಲ್ಲೇ ಜೀವ ಹಿಡಿದಿದ್ದಳು. ಅವಳ ವಾಂತಿ ನಿಂತಿತು. ಮರಿ ಮಾತ್ರ ಬಡವಾಯಿತು, ಚಿಪ್ಪು ಮೆತ್ತಗಾಯಿತು. ಒಂದು ಬೆಳಿಗ್ಗೆ ತಲೆಯನ್ನೇ ಎತ್ತಲಿಲ್ಲ.

ಅಕ್ಕ ಅದನ್ನು ಕೈಚೀಲದಲ್ಲಿಟ್ಟುಕೊಂಡು, ಗೋಡೆ ಹಿಡಿದುಕೊಂಡು, ಬೀದಿ ಕೊನೆಯ ಪ್ರಾಣಿ ಆಸ್ಪತ್ರೆಗೆ ಹೋದಳು.

“ಡಾಕ್ಟ್ರೇ, ವಿಷ ಏನಾದ್ರೂ…?”

“ವಿಷ ಎಲ್ಲಿಂದ ಬರುತ್ತೆ? ಪಾಪ, ಇದು ಬಿಸಿಲೇ ಕಂಡಿಲ್ಲ. ಏನು ಹಾಕ್ತೀರಿ ಇದಕ್ಕೆ?”

“ನಾನು ತಿನ್ನೋದನ್ನೇ.”

“ಬೇಯಿಸಿದ್ದು ಇದಕ್ಕೆ ಆಗಲ್ಲಮ್ಮ. ಹಸಿ ಸೊಪ್ಪು, ಹುಲ್ಲು ಹಾಕಿ, ಮೇಲೆ ಚಿಟಿಕೆ ಕ್ಯಾಲ್ಸಿಯಂ ಪುಡಿ. ದೊಡ್ಡ ಪೆಟ್ಟಿಗೇಲಿ ಇಡಿ, ಒಂದು ಕಡೆ ಬಿಸಿಲು, ಒಂದು ಕಡೆ ನೆರಳು. ಹಳೇ ಹಾಸೆಲ್ಲಾ ತೆಗೆದು ಬಿಸಾಕಿ. ಬದುಕ್ಕೊಳ್ಳುತ್ತೆ.”

ಅಕ್ಕನಿಗೆ ಅಲ್ಲೇ ಅಳು ಬಂತು. ನಾಚಿಕೆಯಿಂದ ಕುಗ್ಗಿಹೋದಳು. ಒಡಹುಟ್ಟಿದವಳನ್ನು ಕೊಲೆಗಾತಿ ಅಂದುಕೊಂಡು ಕೊನೆಗೆ ಈ ಮರಿಯನ್ನು ತಾನೇ ಕೊಲ್ಲುತ್ತಿದ್ದಳಲ್ಲ!

ಮನೆಗೆ ಬಂದವಳೇ ಗಂಜಿ ಕೇಳಿದಳು. ತಂಗಿಯ ಎದುರಿಗೇ ಕುಳಿತು ತಳ ಕಾಣುವವರೆಗೆ ಕುಡಿದಳು. ಇನ್ನೊಂದು ಸೌಟು ಹಾಕಿಸಿಕೊಂಡು ಅದನ್ನೂ ಮುಗಿಸಿದಳು.

“ನೀನು ಕುಡೀತಿದ್ಯೋ ಇಲ್ವೋ ಅಂತ ನಂಗೆ ಒಂದೇ ಯೋಚನೆ ಆಗಿತ್ತು ಅಕ್ಕ,” ತಂಗಿ ಅವಳ ತುಟಿ ಒರೆಸಿದಳು. “ಇವತ್ತು ನೆಮ್ಮದಿಯಾಯ್ತು.”

ಅಕ್ಕ ಆ ಕೈಯನ್ನು ಕಣ್ಣಿಗೊತ್ತಿಕೊಂಡಳು.

ಆಮೇಲೆ ಮರಿಯ ಹೊಸ ಮನೆಗೆ ಕೈಹಾಕಿದಳು. ಅಗಲವಾದ ಮರದ ಪೆಟ್ಟಿಗೆಯನ್ನು ಕಿಟಕಿಯ ಬಿಸಿಲಿಗೆ ಎಳೆದು, ಸೊಪ್ಪು ಹೆಚ್ಚಿ ಹಾಕಿದಳು. ಮೈ ಬೆಚ್ಚಗಾಗುತ್ತಲೇ ಮರಿ ಮೆಲ್ಲಗೆ ಕತ್ತು ಚಾಚಿತು. ಎಷ್ಟೋ ದಿನದಿಂದ ಏನೂ ತಿಂದಿಲ್ಲದ ಹಾಗೆ ಸೊಪ್ಪನ್ನು ಕಚ್ಚಿ ಎಳೆಯಿತು. ಅಕ್ಕ ನಕ್ಕಳು. ಹೊಟ್ಟೆ ತುಸು ಹಿಂಡಿದಂತಾಯಿತು. ಬಹಳ ದಿನದ ಮೇಲೆ ತುಂಬಾ ಕುಡಿದದ್ದಕ್ಕೆ ಎಂದುಕೊಂಡಳು. ಹಳೆಯ ಹಾಸನ್ನು ಬಿಸಾಡಲು ರಟ್ಟಿನ ಗೂಡನ್ನು ಎತ್ತಿದಳು.

ಕಾಗದದ ಚೂರುಗಳಡಿ ಅಷ್ಟೂ ದಿನದ ಗಂಜಿ ಮಗುಚಿ ಬಿದ್ದಲ್ಲೇ ಪದರ ಪದರವಾಗಿ ಒಣಗಿತ್ತು. ಅದರ ಮೇಲೆಲ್ಲ ಎಳ್ಳು ಚೆಲ್ಲಿದ ಹಾಗೆ ಸತ್ತ ಇರುವೆಗಳು.