ದೊಡ್ಡಿ ಸೇರಿದ ಕುದುರೆ

ಇನ್ಸ್‌ಪೆಕ್ಟರು ಬೆಟ್ಟಸ್ವಾಮಿಯ ಕೈಗೆ ಕೋಳ ಹಾಕಿ ಬೀದಿಗೆ ಎಳೆದು ತರುವಷ್ಟರಲ್ಲಿ, ಹೊಂಗೆಮರಕ್ಕೆ ಕಟ್ಟಿದ್ದ ಅವರ ಬಿಳಿ ಕುದುರೆ ಅಲ್ಲಿರಲಿಲ್ಲ. ಹಗ್ಗ ಮಾತ್ರ ಇತ್ತು. ಕುದುರೆ ತಾನಾಗಿಯೇ ಗಂಟು ಬಿಚ್ಚಿಕೊಂಡದ್ದನ್ನು ಊರಿನ ಹನ್ನೆರಡು ಜನ ಕಣ್ಣಾರೆ ಕಂಡಿದ್ದರು. ಹುರುಳಿ ಹೊಲಕ್ಕೆ ಬಿದ್ದು ಹೊಟ್ಟೆ ತುಂಬಾ ಮೇದು, ಅಲ್ಲಿಂದ ನೇರವಾಗಿ ದೊಡ್ಡಿಗೆ ನಡೆದು, ತಾನೇ ಒಳಗೆ ಹೋಯಿತಂತೆ. ಬಾಗಿಲಿಗೆ ಬೀಗ ಹಾಕಿದ್ದು ಮಾತ್ರ ವೀರಮ್ಮ.

ಬೆಳೆಗೆ ನುಗ್ಗಿದ ದನಗಳನ್ನು ಕೂಡಿಹಾಕುವ ಆ ದೊಡ್ಡಿಯ ಕೀಲಿ, ಗಂಡ ಸತ್ತ ಮೇಲೆ ಅವಳ ಸೊಂಟಕ್ಕೆ ಬಂದಿತ್ತು. ಬೆಟ್ಟಸ್ವಾಮಿ ಅವಳ ಒಬ್ಬನೇ ತಮ್ಮ. ಹೊಳೆಯಾಚೆ, ಬ್ರಿಟಿಷರ ಸೀಮೆಯ ಕಾಫಿ ತೋಟಕ್ಕೆ ಒಂದು ವರ್ಷದ ಕರಾರಿನ ಮೇಲೆ ಹೋದವನು, ಚಳಿಜ್ವರ ಹಿಡಿದು ಎಂಟನೇ ತಿಂಗಳಿಗೇ ಎದ್ದು ಬಂದಿದ್ದ. ಅಲ್ಲಿನ ಕಾನೂನಿನಲ್ಲಿ ಅದಕ್ಕೆ ಜೈಲು. ಈ ಮೈಯಲ್ಲಿ ಜೈಲಿಗೆ ಹೋದರೆ ವಾಪಸು ಬರುವವನಲ್ಲ ಎಂದು ವೀರಮ್ಮನಿಗೆ ಗೊತ್ತಿತ್ತು.

ಹೊಳೆಯ ಈಚೆ ಮೈಸೂರು ಮಹಾರಾಜರ ಸೀಮೆ. ಇಲ್ಲಿಗೆ ಬಂದು ಹಿಡಿಯಬೇಕಾದರೆ ವಾರಂಟಿನ ಮೇಲೆ ಪಿರಿಯಾಪಟ್ಟಣದ ಅಮಲ್ದಾರರ ರುಜು ಬೇಕು. ಇನ್ಸ್‌ಪೆಕ್ಟರು ಅದಕ್ಕೆಲ್ಲ ಕಾಯದೆ ಇಬ್ಬರು ಪೇದೆಗಳೊಂದಿಗೆ ಕೊಪ್ಪದ ಸೇತುವೆ ದಾಟಿ ಬಂದುಬಿಟ್ಟಿದ್ದರು. ಇದನ್ನು ಕೇಳಬೇಕಾಗಿದ್ದ ಪಟೇಲರಿಗೆ, ಟೋಪಿ ಕಂಡ ಕೂಡಲೇ ಕಂಪಲಾಪುರದಲ್ಲಿ ಅವಸರದ ಕೆಲಸವೊಂದು ನೆನಪಾಗಿತ್ತು.

"ಬಾಗಿಲು ತೆಗೆಯಮ್ಮ," ಎಂದರು ಇನ್ಸ್‌ಪೆಕ್ಟರು.

"ತೆಗೀತೀನಿ ಬುದ್ಧಿ. ಬುಕ್ಕಲ್ಲಿ ಬರ್ಕೊಟ್ಬುಡಿ."

ವೀರಮ್ಮನಿಗೆ ಓದು ಬರುತ್ತಿರಲಿಲ್ಲ. ಆದರೆ ದೊಡ್ಡಿ ಬುಕ್ಕಿನ ಯಾವ ಮನೆಯಲ್ಲಿ ಏನು ಬರೆಯಬೇಕೆಂಬುದು ಬಾಯಿಪಾಠ. ಪುಟದ ಮೇಲೆ ಬೆರಳಿಟ್ಟು ಹೇಳುತ್ತಾ ಹೋದಳು: ಪಶುವಿನ ಬಣ್ಣ, ಯಜಮಾನರ ಹೆಸರು, ಯಾವ ಊರು, ಇಲ್ಲಿಗೆ ಯಾಕೆ ಬಂತು, ಯಾರ ಅಪ್ಪಣೆ ಮೇಲೆ ಬಂತು. ಆ ಕೊನೆಯ ಮನೆ ಬುಕ್ಕಿನಲ್ಲಿತ್ತೋ ಇಲ್ಲವೋ, ಅವಳ ಬೆರಳಿನ ಕೆಳಗಂತೂ ಇತ್ತು. ಬರೆದದ್ದು ನಾಳೆಯೇ ಅಮಲ್ದಾರರಿಗೆ ಹೋಗುತ್ತದೆ, ಅಲ್ಲಿಂದ ಮೈಸೂರಿಗೆ, ಆಮೇಲೆ ಇನ್ಸ್‌ಪೆಕ್ಟರಿಗೂ ಮೇಲಿನವರಾದ ಬೆಂಗಳೂರಿನ ರೆಸಿಡೆಂಟ್ ದೊರೆಗೆ ಎಂದೂ ವಿನಯವಾಗಿ ತಿಳಿಸಿದಳು.

ಮಸಿಯಲ್ಲಿ ಅದ್ದಿದ ಲೇಖನಿ ಇನ್ಸ್‌ಪೆಕ್ಟರ ಕೈಯಲ್ಲೇ ಒಣಗಿತು. ಬೀಗ ಒಡೆಸುತ್ತೇನೆ ಎಂದರು. ಧಾರಾಳವಾಗಿ ಒಡೆಸಬಹುದು, ಅದಕ್ಕೆ ಬೇರೆ ಬುಕ್ಕಿದೆ ಎಂದಳು. ಬಿಟ್ಟು ನಡೆದೇ ಹೋಗೋಣವೆಂದರೆ ಅದು ಸರ್ಕಾರದ ಕುದುರೆ. ಬಾಲದ ಒಂದು ಕೂದಲು ಉದುರಿದರೂ ಮೇಲಿನವರಿಗೆ ಜವಾಬು ಕೊಡಬೇಕು. ಅಷ್ಟರಲ್ಲಿ ಕುದುರೆ ಒಳಗಿನಿಂದ ಕೆನೆಯಿತು. ಪಕ್ಕದಲ್ಲಿದ್ದ ಎಮ್ಮೆಯೊಂದು ಅದಕ್ಕೆ ಉತ್ತರ ಕೊಟ್ಟಿತು.

"ಬರೆಯದೆ ಬಿಡೋದಕ್ಕೆ ದಾರಿ ಇಲ್ಲವೇನಮ್ಮ?" ಇನ್ಸ್‌ಪೆಕ್ಟರ ದನಿ ಇಳಿದಿತ್ತು.

ವೀರಮ್ಮ ನಿಧಾನವಾಗಿ ಸೆರಗು ಸರಿಮಾಡಿಕೊಂಡಳು. "ಐತೆ ಬುದ್ಧಿ. ನೀವು ಈ ಊರ್ಗೆ ಬಂದೇ ಇಲ್ಲ ಅಂದ್ರೆ ನಿಮ್ ಕುದ್ರೇನೂ ಬಂದಿಲ್ಲ. ಬಾರ್ದೇ ಇರೋ ಕುದ್ರೇನ ನಾನೆಂಗೆ ಕೂಡಾಕ್ಲಿ? ಆದ್ರೆ ಬಾರ್ದೇ ಇರೋರು ನಮ್ ಉಡುಗನ್ ಕೈಗೆ ಕೋಳ ಎಂಗಾಕುದ್ರು ಅಂತ ಜನ ಕೇಳ್ತಾರಲ್ಲ. ನೀವು ಬಂದಿದ್ರೋ ಬಂದಿಲ್ವೋ, ಅದೊಂದ್ ಏಳ್ಬುಡಿ."

ಇನ್ಸ್‌ಪೆಕ್ಟರು ಹೊಳೆಯ ಕಡೆ ನೋಡಿದರು, ಪೇದೆಗಳ ಕಡೆ ನೋಡಿದರು, ಬುಕ್ಕಿನ ಕಡೆ ನೋಡಲಿಲ್ಲ.

"ಬಂದಿಲ್ಲ," ಎಂದರು.

ಮೊದಲು ಕೋಳ ಬಿಚ್ಚಿತು, ಆಮೇಲೆ ಬೀಗ. ಕುದುರೆ ಇನ್ನೂ ಹುರುಳಿ ಬಳ್ಳಿ ಅಗಿಯುತ್ತಲೇ ಹೊರಗೆ ಬಂತು. ಬಾರದೇ ಇದ್ದ ಇನ್ಸ್‌ಪೆಕ್ಟರು ವಾಪಸು ಹೋಗುವುದನ್ನು ನೋಡಲು ಇಡೀ ಊರೇ ಬೀದಿಯುದ್ದಕ್ಕೂ ಸಾಲಾಗಿ ನಿಂತಿತ್ತು. ಎಲ್ಲರಿಗಿಂತ ಮುಂದೆ ನಿಂತಿದ್ದ ಬೆಟ್ಟಸ್ವಾಮಿ, ಎರಡೂ ಕೈಯೆತ್ತಿ ಸಲಾಮು ಹೊಡೆದ.