ಸಾಲಿನ ಬಾಲ

“ಅರುಣಾನೇ ಕೊಟ್ಟಿರೋದು. ಇನ್ಯಾರು ಕೊಡ್ತಾರೆ?” ಎಂದರು ಯಜಮಾನ ಚೌಡಯ್ಯ, ಮೇಜಿನ ಮೇಲೆ ಸೀರೆ ಹರಡುತ್ತಾ.

ಕುಮಾರ್ ಅಂಚು ನೋಡಿದ. ಬೆಂಗಳೂರಿನವನ ಚಿತ್ರ ನೋಡಿ ತಾನೇ ಕಂಪ್ಯೂಟರಿಗೆ ಇಳಿಸಿದ್ದು. ಯಜಮಾನರ ಮಗ್ಗಕ್ಕೆ ಇನ್ನೂ ಏರಿಲ್ಲ, ಆಗಲೇ ಮಂಜೇಶನ ಮಗ್ಗದಿಂದ ಇಳಿದಿದೆ. ಬೇಸಿಗೆಯಿಂದೀಚೆಗೆ ಇದು ಮೂರನೆಯ ಸಲ.

“ಗೌರಿ ಹಬ್ಬ ಕಳೀಲಿ. ಆಮೇಲೆ ಅವಳು ಬರೋದು ಬೇಡ” ಎಂದರು ಚೌಡಯ್ಯ.

ಮಂಜೇಶನ ಹೆಸರನ್ನು ಚೌಡಯ್ಯನವರ ಮುಂದೆ ಯಾರೂ ಎತ್ತುವಂತಿರಲಿಲ್ಲ. ಹಳೆಯ ಜಗಳವಂತೆ. ಕುಮಾರ್ ದೊಡ್ಡಬಳ್ಳಾಪುರಕ್ಕೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಕೇಳುವ ಗೋಜಿಗೆ ಹೋಗಿರಲಿಲ್ಲ.

ಅರುಣಾ ಕುಮಾರನ ಕೈಕೆಳಗೆ ಡಿಸೈನ್ ಟೈಪ್ ಮಾಡುವವಳು; ಪ್ರತಿಯೊಂದರ ನಕಲೂ ಅವಳ ಫ್ಲಾಪಿಯಲ್ಲಿರುತ್ತಿತ್ತು. ಕಳ್ಳಿ ಎನ್ನಿಸಿಕೊಂಡು ಹೊರಬಿದ್ದರೆ ಈ ಊರಿನ ಯಾವ ನೇಕಾರರ ಮನೆಯೂ ಅವಳಿಗೆ ಕೆಲಸ ಕೊಡುವುದಿಲ್ಲ.

“ಸರ್, ನಿಮಗೂ ಅನುಮಾನಾನಾ?” ಎಂದು ಕುಮಾರನನ್ನು ಕೇಳಿದಳು.

“ನಂಗಿಲ್ಲ ಕಣಮ್ಮ. ಆದ್ರೆ ನನ್ನ ಮಾತು ಕೇಳೋರ್ಯಾರು?”

ಡಿಸೈನ್ ಎಂದರೆ ಪ್ರೋಗ್ರಾಮಿನೊಳಗೆ ಚುಕ್ಕಿ, ನಕ್ಷತ್ರಗಳ ಸಾಲು. ನಕ್ಷತ್ರವಿದ್ದಲ್ಲಿ ಎಳೆ ಮೇಲೇಳುತ್ತದೆ. ಒಂದೊಂದು ಸಾಲೂ ಎಡಕ್ಕೆ ಹತ್ತು ಅಕ್ಷರದ ಮನೆ ಬಿಟ್ಟು ಶುರುವಾಗಿ ಪರದೆ ದಾಟಿ ಓಡುತ್ತದೆ. ಪರದೆಯಲ್ಲಿ ಹಿಡಿಸದ ಬಾಲ ಕೆಳಗೆ ಬಂದು ಎಡತುದಿಗೆ ಅಂಟಿಕೊಳ್ಳುತ್ತಿತ್ತು. ಅದು ಹೊಸ ಸಾಲೋ ಹಳೆಯದರ ಬಾಲವೋ ಬರೆದವನಿಗೇ ತಿಳಿಯುತ್ತಿರಲಿಲ್ಲ. ಯುಗಾದಿ ಹೊತ್ತಿಗೆ ಕುಮಾರ್ ಆ ಸಾಲು ಬರೆಯುವ ಪ್ರೋಗ್ರಾಮಿನ ಸೆಟ್ಟಿಂಗ್ ಕೆದಕಿ, ಬಾಲವೂ ತನ್ನ ತಲೆಯ ಕೆಳಗೇ, ಎರಡು ಮನೆ ಒಳಗೆ ಬಂದು ನಿಲ್ಲುವಂತೆ ಮಾಡಿದ. ದಿನವೂ ಹಿಂದೆ ಸ್ಟೂಲು ಹಾಕಿಕೊಂಡು ಕೂರುವ ಚೌಡಯ್ಯ, “ಈಗ ನೋಡಪ್ಪಾ, ನನ್ನಂಥೋನಿಗೂ ದಾರಿ ಸಿಕ್ತು” ಎಂದಿದ್ದರು.

ಕುಮಾರ್ ಒಂದು ಉಪಾಯ ಮಾಡಿದ. ಹೊಸ ಅಂಚಿನ ನಲವತ್ತೊಂದನೆಯ ಸಾಲಿನ ಬಾಲದಲ್ಲಿ ಒಂದೇ ಒಂದು ನಕ್ಷತ್ರ ಅಳಿಸಿದ. ಅಂಚಿನ ಮಾವಿನಕಾಯಿ ಚಿತ್ತಾರದ ತೊಟ್ಟು ತುಂಡಾಯಿತು. ಕಂಪ್ಯೂಟರಿನಲ್ಲೂ ಹಾಗೆಯೇ, ಅರುಣಾಳ ಫ್ಲಾಪಿಯಲ್ಲೂ ಹಾಗೆಯೇ. ಯಾರಿಗೂ ಹೇಳಲಿಲ್ಲ. ಮಂಜೇಶನ ಸೀರೆಯಲ್ಲಿ ತೊಟ್ಟು ಮುರಿದಿದ್ದರೆ ಡಿಸೈನ್ ಹೋದದ್ದು ಇಲ್ಲಿಂದ. ಮುರಿಯದಿದ್ದರೆ, ಮೂಲ ಚಿತ್ರ ಬರೆದುಕೊಡುವ ಬೆಂಗಳೂರಿನವನೇ ಇಬ್ಬರಿಗೂ ಮಾರುತ್ತಿದ್ದಾನೆ, ಅರುಣಾ ಬಚಾವ್.

ಹನ್ನೆರಡು ದಿನಕ್ಕೆ ಮಂಜೇಶನ ಸೀರೆ ಅಂಗಡಿಗೆ ಬಂತು. ಕುಮಾರ್ ಒಂದನ್ನು ತಂದು ಬಿಚ್ಚಿ ಅಂಚು ನೋಡಿದ. ತೊಟ್ಟು ನೆಟ್ಟಗಿತ್ತು.

“ನಮ್ಮಲ್ಲಿಂದ ಹೋಗಿಲ್ಲ ಯಜಮಾನ್ರೇ!” ಎಂದು ಎಲ್ಲವನ್ನೂ ವಿವರಿಸಿದ.

ಚೌಡಯ್ಯ ಪೂರ್ತಿ ಕೇಳಲೂ ಇಲ್ಲ. “ಹಂಗಾದ್ರೆ ಸರಿ. ಆ ಹುಡುಗಿ ಇರ್ಲಿ ಬಿಡು” ಎಂದು ಊದುಬತ್ತಿ ಹಚ್ಚಲು ಎದ್ದರು.

ಕುಮಾರನಿಗೆ ಎಷ್ಟು ಸಂತೋಷವಾಯಿತೆಂದರೆ, ಆ ನಕ್ಷತ್ರವನ್ನು ಆಗಲೇ ಮರಳಿ ಹಾಕಿಬಿಡೋಣವೆಂದು ಕಂಪ್ಯೂಟರಿನ ಮುಂದೆ ಕೂತ. ನಲವತ್ತೊಂದನೆಯ ಸಾಲಿಗೆ ಹೋದ.

ನಕ್ಷತ್ರ ಅಲ್ಲೇ ಇತ್ತು.

ಅರುಣಾಳ ಫ್ಲಾಪಿ ಹಾಕಿ ನೋಡಿದ. ಅದರಲ್ಲಿ ಇರಲಿಲ್ಲ. ಕಂಪ್ಯೂಟರಿನ ಫೈಲು ತಿದ್ದಿದ ಹೊತ್ತು ನೋಡಿದ: ತಾನು ನಕ್ಷತ್ರ ಅಳಿಸಿದ ಮರುದಿನ, ಗುರುವಾರ, ಮಧ್ಯಾಹ್ನ ಒಂದೂ ಇಪ್ಪತ್ತು. ಆ ದಿನ ತಾನು ರೇಷ್ಮೆ ತರಲು ಹತ್ತಿರದ ವಿಜಯಪುರಕ್ಕೆ ಹೋಗಿದ್ದ. ಅರುಣಾ ಹೊಸಕೋಟೆಯಲ್ಲಿ ಅಕ್ಕನ ಮಗುವಿನ ನಾಮಕರಣದಲ್ಲಿದ್ದಳು. ಬೀಗದ ಕೈ ಇದ್ದದ್ದು ಒಬ್ಬರ ಬಳಿ.

“ಯಜಮಾನ್ರೇ, ಈ ನಕ್ಷತ್ರ...”

ಚೌಡಯ್ಯ ತಿರುಗಲಿಲ್ಲ. “ಎಳೆ ತಪ್ಪಿದ್ದು ಕಣ್ಣಿಗೆ ಬಿದ್ದ ಮೇಲೆ ಹಂಗೇ ಬಿಟ್ಟು ಏಳೋಕಾಗ್ಲಿಲ್ಲ ಕಣಪ್ಪಾ. ನಲವತ್ತು ವರ್ಷ ಮಗ್ಗದಲ್ಲಿ ಕೂತ ಕೈ. ನೀನು ಒತ್ತೋ ಗುಂಡೀನೇ ಒತ್ತಿ ಸರಿ ಮಾಡ್ದೆ. ಆಮೇಲೆ ಗ್ರಾಫ್ ಕಾಗದಕ್ಕೆ ಇಳಿಸ್ಕೊಂಡೆ.”

“ಇಳಿಸಿ ಮಂಜೇಶನಿಗೆ ಕೊಟ್ರಾ? ಕೊಟ್ಟು ಅರುಣಾನ ಹೆಸರು ಹೇಳಿದ್ರಾ?” ಕುಮಾರನಿಗೆ ಸಿಟ್ಟು ನೆತ್ತಿಗೇರಿತ್ತು.

“ಸೀರೆ ನೋಡಿ ನಮ್ಮನೆಯೋಳು ಯಾರು ಕೊಟ್ಟಿದ್ದು ಅಂತ ಪಟ್ಟು ಹಿಡಿದ್ಲು. ಬಾಯಿಗೆ ಬಂದ ಹೆಸರು ಹೇಳ್ಬಿಟ್ಟೆ. ತಪ್ಪೇ, ಆ ಹುಡುಗಿ ಹತ್ರ ನಾನೇ ಕೇಳ್ಕೋತೀನಿ.” ಚೌಡಯ್ಯ ಊದುಬತ್ತಿ ಸಿಕ್ಕಿಸಿ ಸ್ಟೂಲಿನ ಮೇಲೆ ಕುಸಿದು ಕೂತರು.

“ಮಂಜೇಶ ನನ್ನ ಅಳಿಯ ಕಣಪ್ಪಾ, ಅವನ್ನ ಕಟ್ಕೊಂಡ ಮಗಳ ಮುಖಾನೇ ನೋಡಲ್ಲ ಅಂತ ಮೂರು ವರ್ಷದಿಂದ ಊರಿಗೆಲ್ಲ ಹೇಳ್ಕೊಂಡು ಬಂದು, ಡಿಸೈನ್ ಕೊಟ್ಟೋನು ನಾನೇ ಅಂತ ಯಾವ ಬಾಯಲ್ಲಿ ಹೇಳ್ಲಿ?”